ನಾಲೆಯ ಮೆಟ್ಟಿಲ ಪಾಚಿ

ನಮ್ಮೂರಿನ ಪಕ್ಕದಲ್ಲಿ ನಾಲೆ ತಿರುಗುವ ಜಾಗಕ್ಕೆ ವರ್ಷಕ್ಕೊಂದು ಜೀವ ಬೇಕು ಎಂಬ ಮಾತನ್ನು ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ. ಹೊಸ ನೀರು ಬಂದಾಗಲೇ ಅದು ಕೇಳುತ್ತದಂತೆ. ನಾಲೆ ತೋಡುವಾಗ ಹರಸಿಕೊಂಡಿದ್ದ ಬಲಿಯನ್ನು ಕೊಡದೆ ತಪ್ಪಿಸಿಕೊಂಡರು, ಆದ್ದರಿಂದ ಅದು ತನ್ನ ಪಾಲನ್ನು ತಾನೇ ತೆಗೆದುಕೊಳ್ಳುತ್ತದೆ ಎಂಬುದು ಕಥೆ. ಹರಸಿಕೊಂಡವರು ಯಾರು, ಕೇಳಿಸಿಕೊಂಡವರು ಯಾರು ಎಂದು ನಾನು ವಿಚಾರಿಸಿದಾಗಲೆಲ್ಲ ಹಿರಿಯರು ಗದರಿಸಿ ಕಳಿಸಿದರು. ಈಗ ಹಿರಿಯರ ಸಾಲಿನಲ್ಲಿ ನಾನೇ ಕೂತಿದ್ದೇನೆ. ಉತ್ತರ ಮಾತ್ರ ಇನ್ನೂ ಸಿಕ್ಕಿಲ್ಲ.

ಮದ್ದೂರಿಗೂ ಮಳವಳ್ಳಿಗೂ ನಡುವಿನ ನಮ್ಮ ಊರಿನ ನಾಲೆಯಲ್ಲಿ ನೀರು ಸದಾ ಹರಿಯುವುದಿಲ್ಲ. ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಇದನ್ನು ನಾವು ಕಟ್ಟು ನೀರು ಎನ್ನುತ್ತೇವೆ. ಆ ತಿರುವಿನ ಪಕ್ಕದಲ್ಲೇ ಬಟ್ಟೆ ಒಗೆಯಲು ಇಳಿಯುವ ಕಲ್ಲಿನ ಮೆಟ್ಟಿಲುಗಳಿಗೆ ಸೋಪಾನ ಎಂದು ಹೆಸರು. ನೀರು ನಿಂತ ದಿನಗಳಲ್ಲಿ ಸೋಪಾನದ ಪಾಚಿ ಒಣಗಿ, ಬೂದಿಯ ಬಣ್ಣಕ್ಕೆ ತಿರುಗಿ, ಕಲ್ಲು ಯಾವುದು ಪಾಚಿ ಯಾವುದು ಎಂದು ಗೊತ್ತಾಗದಂತೆ ಅಂಟಿಕೊಳ್ಳುತ್ತದೆ. ನೀರು ಬಂದ ಬೆಳಿಗ್ಗೆ ಅದೇ ಪಾಚಿ ನೆನೆದು ಲೋಳೆಯಾಗುತ್ತದೆ. ಕೂಡಿಟ್ಟ ಕಂಬಳಿ, ಜಮಖಾನ, ಹಾಸಿಗೆ ಬಟ್ಟೆಗಳನ್ನು ಹೊತ್ತು ಊರಿನ ಹೆಂಗಸರೆಲ್ಲ ಇಳಿಯುವುದೂ ಅದೇ ಬೆಳಿಗ್ಗೆ.

ಓದು ನನಗೆ ತಡವಾಗಿ, ಗುರುವಿಲ್ಲದೆ ಬಂದದ್ದು. ಓದಿದ್ದನ್ನೂ ನಾನು ಬೇಗ ನಂಬುವವನಲ್ಲ. ಆದ್ದರಿಂದ ತಿರುವಿನಲ್ಲಿ ಜೀವ ಹೋದವರ ಮನೆಗಳಿಗೆ ಹೋಗಿ ಕೂತು, ಆ ಹೊತ್ತು ಅವರ ಕೈಯಲ್ಲಿ ಏನಿತ್ತು ಎಂದು ಕೇಳಿದೆ. ಒಂದು ಮನೆಯಲ್ಲಿ ರಗ್ಗು ಎಂದರು, ಇನ್ನೊಂದರಲ್ಲಿ ಮದುವೆಯ ಸೀರೆ ಎಂದರು. ಬಟ್ಟೆ ತೇಲಿಹೋಗುತ್ತಿತ್ತು, ಹಿಡಿಯಲು ಬಗ್ಗಿದಳು ಎಂಬುದನ್ನು ಎಲ್ಲರೂ ಹೇಳಿದರು. ಯಾರೂ ಅದನ್ನು ಕಾರಣವೆಂದು ಹೇಳಲಿಲ್ಲ. ಒಬ್ಬ ತಾಯಿ ಮಾತ್ರ ನನ್ನ ಪ್ರಶ್ನೆ ಕೇಳಿ ಎದ್ದು ಒಳಗೆ ಹೋದಳು. ಬಹಳ ಹೊತ್ತು ಕಾದು, ನಾನು ಜಗುಲಿಯಿಂದ ಇಳಿದು ಬಂದೆ.

ಅಂದಿನಿಂದ ನೀರು ನಿಂತ ದಿನಗಳಲ್ಲಿ ಸವೆದ ಸಲಿಕೆಯನ್ನೂ ತಂತಿಯ ಬ್ರಷ್ಷನ್ನೂ ಹಿಡಿದು ಹೋಗಿ ಒಣ ಪಾಚಿಯನ್ನು ಕೆರೆಯುವುದು ನನ್ನ ಕೆಲಸವಾಯಿತು. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ದಾರಿಯಲ್ಲಿ ನಿಂತು, ದೊಡ್ಡಪ್ಪ ನಾಲೆಗೆ ಚೌರ ಮಾಡ್ತಾವ್ರೆ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಆ ಮಾತಿಗೆ ಎಲ್ಲರಿಗಿಂತ ಹೆಚ್ಚು ನಕ್ಕವಳು ನನ್ನ ಹೆಂಡತಿ.

ಈ ಬೇಸಿಗೆಯಲ್ಲಿ ನೀರು ಸೋಮವಾರ ಬರುತ್ತದೆ ಎಂದು ನೀರುಗಂಟಿ ಹೇಳಿದ್ದ. ನಾನು ಹುಣಸೆಮರದ ಕಡೆಯ ಅರ್ಧ ಸೋಪಾನವನ್ನು ಮೇಲಿನ ಕಲ್ಲಿನಿಂದ ಕೆಳಗಿನ ಕಲ್ಲಿನವರೆಗೆ ಕೆರೆದು ಮುಗಿಸಿದ್ದೆ. ತೂಬಿನ ಕಡೆಯ ಅರ್ಧ ಹಾಗೆಯೇ ಉಳಿದಿತ್ತು. ಅಷ್ಟರಲ್ಲಿ ಬ್ರಷ್ಷಿನ ತಂತಿಗಳೆಲ್ಲ ಮಲಗಿಬಿಟ್ಟಿದ್ದವು. ಭಾನುವಾರ ಬೆಳಿಗ್ಗೆ ಹೊಸದೊಂದನ್ನು ತರಲು ಮದ್ದೂರಿಗೆ ಹೊರಟೆ.

ಹೊರಡುವಾಗ ಹೆಂಡತಿ ಅಟ್ಟದಿಂದ ಕಂಬಳಿಯನ್ನು ಇಳಿಸುತ್ತಿದ್ದಳು. ಅದು ಅವಳ ತಾಯಿ ಕೊಟ್ಟ ಕರಿಯ ಕಂಬಳಿ. ಹಲಗೂರಿನಿಂದ ಮೊಮ್ಮಗಳು ಎಳೆಮಗುವಿನೊಂದಿಗೆ ಆ ವಾರ ಬರುವವಳಿದ್ದಳು. ಬಾಣಂತಿಗೂ ಮಗುವಿಗೂ ಅದನ್ನೇ ಹಾಸಬೇಕೆಂಬುದು ಇವಳ ಹಟ. ನೀರು ಬಂದ ಮೊದಲ ದಿನ ಇಳಿಯಬೇಡ, ನಾನು ಕೆರೆದು ಮುಗಿಸುವವರೆಗೆ ತಡೆ ಎಂದೆ. ಮನೆಯ ಮುಂದಿನ ಕೊಳಾಯಿಯಲ್ಲಿ ಒಗೆ ಎಂದೂ ಹೇಳಿದೆ.

“ಕೊಳಾಯಿ ನೀರಲ್ಲಿ ಕಂಬ್ಳಿ ಒಗ್ಯಾಕಾದ್ದಾ? ನೀನು ನಿನ್ನ ಚೌರ ನೋಡ್ಕೊ, ನಾನು ನನ್ನ ಕಂಬ್ಳಿ ನೋಡ್ಕೊತೀನಿ,” ಎಂದಳು.

ಮದ್ದೂರಿನಲ್ಲಿ ಬ್ರಷ್ಷು ಕೊಂಡು ಹಿಂದಿರುಗುವ ಬಸ್ಸು ಹತ್ತಿದೆ. ಊರಿಗೆ ಎರಡು ನಿಲ್ದಾಣ ಇರುವಾಗ ರಸ್ತೆ ನಾಲೆಯನ್ನು ದಾಟುತ್ತದೆ. ಸೇತುವೆಯ ಮೇಲೆ ಬಂದಾಗ ಅಭ್ಯಾಸದಂತೆ ಕಿಟಕಿಯಿಂದ ಕೆಳಗೆ ನೋಡಿದೆ. ಬೆಳಿಗ್ಗೆ ಹೋಗುವಾಗ ಬಿರಿದು ಬಿದ್ದಿದ್ದ ನಾಲೆಯಲ್ಲಿ ಕೆಂಪು ನೀರು ದಡದ ಅರ್ಧಕ್ಕೆ ಏರಿ, ಕಸಕಡ್ಡಿಯನ್ನು ತಳ್ಳಿಕೊಂಡು ನಮ್ಮೂರಿನ ಕಡೆಗೇ ಓಡುತ್ತಿತ್ತು.

ಮನೆಗೆ ಫೋನು ಮಾಡಿದೆ. ರಿಂಗು ಕೊನೆಯವರೆಗೂ ಆಗಿ ನಿಂತಿತು. ಮತ್ತೆ ಮಾಡಿದೆ. ಯಾರೂ ಎತ್ತಲಿಲ್ಲ. ಅವಳು ನಾಲೆಗೆ ಹೋಗುವಾಗ ಫೋನನ್ನು ಅಕ್ಕಿಯ ಡಬ್ಬದ ಮೇಲೆ ಇಟ್ಟು ಹೋಗುತ್ತಾಳೆಂಬುದು ನನಗೆ ಗೊತ್ತಿತ್ತು. ಮುಂದಿನ ನಿಲ್ದಾಣದಲ್ಲಿ ಯಾರೋ ಹಿಂಡಿಯ ಮೂಟೆಗಳನ್ನು ಬಸ್ಸಿಗೆ ಏರಿಸತೊಡಗಿದರು. ಕಂಡಕ್ಟರು ಅವರೊಂದಿಗೆ ಲಗ್ಗೇಜಿನ ಚೌಕಾಸಿಗೆ ನಿಂತ. ನಾನು ಬಾಗಿಲ ಬಳಿ ಕಂಬಿ ಹಿಡಿದು ನಿಂತೆ. ಕೂತಿದ್ದರೂ ನಿಂತಿದ್ದರೂ ಬಸ್ಸು ಹೋಗುವುದು ಒಂದೇ ವೇಗದಲ್ಲಿ ಎಂಬುದು ಅರಿವಿದ್ದೂ ಕೂರಲಾಗಲಿಲ್ಲ.

ಊರಿನಲ್ಲಿ ಇಳಿದವನು ಮನೆಯ ಕಡೆ ತಿರುಗದೆ ನೇರವಾಗಿ ನಾಲೆಯ ಏರಿಯನ್ನು ಹತ್ತಿದೆ. ಕೆಳಗೆ ಸೋಪಾನ ಪೂರ್ತಿ ಕಾಣುತ್ತಿತ್ತು. ಹೆಂಗಸರೆಲ್ಲ ತೂಬಿನ ಕಡೆ, ನಾನು ಕೆರೆಯದೆ ಬಿಟ್ಟಿದ್ದ ಅರ್ಧದಲ್ಲಿ, ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ನಾನು ಕೆರೆದಿದ್ದ ಅರ್ಧದಲ್ಲಿ ಒಬ್ಬರೂ ಇರಲಿಲ್ಲ.

ಅಲ್ಲಿ ಮಧ್ಯದ ಮೆಟ್ಟಿಲ ಮೇಲೆ ಒಂದು ಬಾಳೆಲೆ ಇತ್ತು. ಎಲೆಯ ಮೇಲೆ ಕೆಂಪನ್ನ, ಕುಂಕುಮ ಹಚ್ಚಿದ ನಿಂಬೆಹಣ್ಣು. ಯಾರದೋ ಮನೆಯ ಮಗುವಿಗೆ ದೃಷ್ಟಿಯಾಗಿದೆಯೆಂದು ಇಳಿ ತೆಗೆದು, ನೀರಿರುವ ಕಡೆ ಇಟ್ಟು ಹೋಗಿದ್ದರು. ಹಾಗೆ ಇಟ್ಟದ್ದನ್ನು ದಾಟಿದವರಿಗೆ ಆ ಕೇಡು ತಟ್ಟುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಆದ್ದರಿಂದ ಯಾರೂ ಆ ಕಡೆ ಇಳಿದಿರಲಿಲ್ಲ. ಸೋಪಾನದಲ್ಲಿ ಅಷ್ಟು ಜಾಗವಿರುವಾಗ ಅಲ್ಲಿಯೇ ಏಕೆ ಇಟ್ಟರೆಂಬುದು ನನಗೆ ನೋಡಿದೊಡನೆ ಹೊಳೆಯಿತು. ಅಲ್ಲಿ ಕಲ್ಲು ಚೊಕ್ಕಟವಾಗಿತ್ತು. ಚೊಕ್ಕಟ ಮಾಡಿದವನು ನಾನೇ.

ನನ್ನ ಹೆಂಡತಿ ತೂಬಿನ ಕಡೆ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ, ಎರಡೂ ಅರ್ಧಗಳು ಸೇರುವ ಜಾಗದ ಹತ್ತಿರ, ಮೊಣಕಾಲುದ್ದ ನೀರಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಕಂಬಳಿ ಅರ್ಧ ಕಲ್ಲಿನ ಮೇಲಿತ್ತು, ಅರ್ಧ ನೀರಿನಲ್ಲಿ. ಕೂಗಲು ಬಾಯಿ ತೆರೆದವನು ತಡೆದುಕೊಂಡೆ. ಕೂಗಿದರೆ ಅವಳು ತಿರುಗುತ್ತಾಳೆ. ಆ ಕಲ್ಲಿನ ಮೇಲೆ ತಿರುಗುವುದೇ ಅಪಾಯ.

ಚಪ್ಪಲಿ ಬಿಟ್ಟು ಚೊಕ್ಕಟವಾದ ಕಡೆಯಿಂದ ಇಳಿದೆ. ಎಲೆಯ ಹತ್ತಿರ ಬಗ್ಗಿದಾಗ ಪಕ್ಕದ ಮನೆಯ ಸೊಸೆ ನನ್ನನ್ನು ಕಂಡಳು. ಅವಳಿಗೂ ಮನೆಯಲ್ಲಿ ಕೈಕೂಸಿತ್ತು.

“ದೊಡ್ಡಪ್ಪ, ಅದ ಮುಟ್ಬೇಡಿ. ಇಳಿ ತೆಗ್ದು ಮಡ್ಗವ್ರೆ.”

ನಾನು ಎಲೆಯನ್ನು ಮಡಿಸಿ ನೀರಿಗೆ ಹಾಕಿದೆ. ನಿಂಬೆಹಣ್ಣು ಉರುಳಿ ನಿಂತಿತು; ಅದನ್ನು ಎತ್ತಿ ಅಂಗಿಯ ಜೇಬಿಗೆ ಇಟ್ಟುಕೊಂಡೆ. ಬಳಿಕ ಅದೇ ಕಲ್ಲಿನ ಮೇಲೆ ನಿಂತು, ನಿಂತಿರುವ ಕಡೆ ಪಾಚಿಯಿದೆ, ಒಬ್ಬೊಬ್ಬರಾಗಿ ಮೆಲ್ಲಗೆ ಈ ಕಡೆ ಬನ್ನಿ ಎಂದು ಹೇಳಿದೆ. ಯಾರೂ ಕದಲಲಿಲ್ಲ. ಹೆಂಡತಿ ಕತ್ತು ಮಾತ್ರ ಹೊರಳಿಸಿ ನನ್ನ ಜೇಬನ್ನು ನೋಡಿದಳು. ಅವಳ ಮುಖದಲ್ಲಿ ಕೋಪವಿರುತ್ತದೆ ಎಂದುಕೊಂಡಿದ್ದೆ, ಇದ್ದದ್ದು ಹೆದರಿಕೆ.

“ನೀನು ದಾಟ್ಬುಟ್ಟೆ. ಇನ್ನೆಲ್ಡು ದಿನುಕ್ಕೆ ಮನೇಗೆ ಕೂಸು ಬತ್ತದೆ ಕಣ, ಅದುನ್ನ ಎತ್ಕೊಳಾನು ನೀನೇಯ,” ಎಂದಳು.

ಆ ಮಾತು ಮುಗಿಯುವುದರೊಳಗೆ ನೆನೆದು ಭಾರವಾಗಿದ್ದ ಕಂಬಳಿ ಕಲ್ಲಿನಿಂದ ಜಾರಿತು. ಅವಳು ಬಗ್ಗಿ ಅದರ ತುದಿಯನ್ನು ಹಿಡಿದಳು. ಲೋಳೆ ಹಿಡಿದ ಕಲ್ಲಿನ ಮೇಲೆ ಎರಡೂ ಕಾಲು ಒಟ್ಟಿಗೆ ಹೋದವು. ಕೂತ ಹಾಗೆಯೇ ಒಂದು ಮೆಟ್ಟಿಲು ಕೆಳಗೆ ಜಾರಿದಳು. ನೀರು ಎದೆಗೆ ಬಂತು. ಕಂಬಳಿ ಬಿಚ್ಚಿಕೊಂಡು ನಾಲೆಯ ನಡುವಿಗೆ ಹೋಗಿ, ಅಲ್ಲಿಂದ ಅವಳನ್ನು ಎಳೆಯತೊಡಗಿತು.

ನಾನು ಕೊನೆಯ ಮೆಟ್ಟಿಲಿಗೆ ಇಳಿದು ಅವಳ ರಟ್ಟೆ ಹಿಡಿದೆ. ನನ್ನ ಪಾದ ಕಲ್ಲನ್ನು ಕಚ್ಚಿಕೊಂಡಿತು. ಆದರೆ ನೀರಿನ ಎಳೆತಕ್ಕೆ ನನ್ನ ತೋಳು ಸಾಲುವಂತಿರಲಿಲ್ಲ. ಇಬ್ಬರೂ ಇಷ್ಟಿಷ್ಟೇ ಒಳಗೆ ಹೋಗುತ್ತಿದ್ದೆವು.

“ಬುಡು ಕಂಬ್ಳಿಯ,” ಎಂದೆ.

“ನಮ್ಮವ್ವ ಕೊಟ್ಟಿದ್ದು.”

“ಬುಡೇ. ಬುಡು.”

ಅವಳ ಮುಷ್ಟಿ ಬಿಚ್ಚಲಿಲ್ಲ. ಆ ಮನೆಗಳಲ್ಲಿ ನಾನು ಕೂತು ಕೇಳಿದ್ದೆಲ್ಲ ಆಗ ನನ್ನ ಕಣ್ಣೆದುರಿಗಿತ್ತು. ಆಸೆಯಿಂದ ಹಿಡಿದದ್ದಲ್ಲ ಅದು. ಕೈಗೆ ಬಿಡುವುದು ಮರೆತುಹೋಗಿತ್ತು. ನನ್ನ ಹಿಂದಿನಿಂದ ಯಾರೋ ಸೊಂಟವನ್ನು ಬಿಗಿಯಾಗಿ ಅಪ್ಪಿ ಎಳೆದರು. ಪಕ್ಕದ ಮನೆಯ ಸೊಸೆ. ತೂಬಿನ ಕಡೆಯಿಂದ ಏರಿ, ಎಲೆ ಇದ್ದ ಕಲ್ಲನ್ನು ತುಳಿದುಕೊಂಡೇ ಅವಳು ಇಳಿದು ಬಂದಿದ್ದಳು. ಅವಳು ನನ್ನ ಭುಜದ ಮೇಲಿಂದ ಬಾಗಿ ಹೆಂಡತಿಯ ಮುಷ್ಟಿಗೆ ಕೈಯಿಂದ ಬಲವಾಗಿ ಹೊಡೆದಳು. ಬೆರಳು ಸಡಿಲವಾಯಿತು. ಕಂಬಳಿ ಕಪ್ಪಗೆ ಅಗಲವಾಗಿ ಹರಡಿಕೊಂಡು ತಿರುವಿನಲ್ಲಿ ಮರೆಯಾಯಿತು.

ಹೆಂಡತಿಗೆ ಮೊಣಕಾಲಿನ ಚರ್ಮ ಸುಲಿದಿತ್ತು. ಉಳಿದ ಹೆಂಗಸರು ಬಟ್ಟೆಗಳನ್ನು ಬಾಚಿಕೊಂಡು, ಕಲ್ಲಿಗೆ ಕೈಯೂರಿಕೊಂಡು, ಒಬ್ಬೊಬ್ಬರಾಗಿ ಹುಣಸೆಮರದ ಕಡೆಗೆ ಬಂದರು.

ಸಂಜೆಯ ಹೊತ್ತಿಗೆ ಊರಿನಲ್ಲಿ ಎರಡು ಕಥೆಗಳು ಹುಟ್ಟಿದ್ದವು. ಈ ಸಲ ನಾಲೆ ಜೀವದ ಬದಲು ಕಂಬಳಿ ತೆಗೆದುಕೊಂಡು ಸುಮ್ಮನಾಯಿತು ಎಂಬುದು ಒಂದು. ನಿಂಬೆಹಣ್ಣು ಮುಟ್ಟಿದ್ದಕ್ಕೆ ಮುದುಕನ ಹೆಂಡತಿಯ ಜೀವವೇ ಹೋಗುವುದರಲ್ಲಿತ್ತು ಎಂಬುದು ಇನ್ನೊಂದು. ಪಾಚಿಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ಎರಡು ಜಗುಲಿಗಳಲ್ಲಿ ವಾದ ಮಾಡಿ, ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದೆ. ಹಲಗೂರಿನಿಂದ ಮಗು ಬಂತು. ಅದನ್ನು ಎತ್ತಿಕೊಳ್ಳಲು ಹೆಂಡತಿ ಮೊದಲ ದಿನ ನನಗೆ ಕೊಡಲಿಲ್ಲ. ಅದು ಸೀನಿದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದಳು. ಪಕ್ಕದ ಮನೆಯ ಸೊಸೆಯ ಕೂಸು ಚೆನ್ನಾಗಿದೆಯೇ ಎಂದು ಗೋಡೆಯಾಚೆಗೆ ಕಿವಿಗೊಟ್ಟವನು ನಾನು. ನಂಬದವನಿಗೂ ಆ ದಿನಗಳು ನಿಧಾನವಾಗಿಯೇ ಹೋದವು.

ನೀರು ಮತ್ತೆ ನಿಂತಿತು. ಹೊಸ ಬ್ರಷ್ಷು ಹಿಡಿದು ಹೊರಟಾಗ ಹೆಂಡತಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ತಲೆಯೆತ್ತದೆ ಹೇಳಿದಳು:

“ಮೇಲಿಂದ ಕೆರೀಬ್ಯಾಡ. ಕೆಳಗಡೆ ಮೆಟ್ಲ ಈ ತುದಿಯಿಂದ ಆ ತುದಿಗಂಟ ಮೊದ್ಲು ಕೆರಿ. ನಾವು ನಿಂತ್ಕೊಳಾದು ಅಲ್ಲೇ ಕಣ.”

ಇಷ್ಟು ವರ್ಷ ನಾನು ಗಂಡಸರು ಗೋಡೆ ಬಳಿಯುವಂತೆ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಕೆರೆಯುತ್ತಿದ್ದೆ. ಅವಳ ಮಾತನ್ನೂ ನಾನು ತಕ್ಷಣ ಒಪ್ಪಲಿಲ್ಲ. ನಾಲೆಗೆ ಹೋಗಿ, ಒಣಗಿದ ಕೊನೆಯ ಮೆಟ್ಟಿಲ ಮೇಲೆ ಒಗೆಯುವವರಂತೆ ಬಗ್ಗಿ ನಿಂತು ನೋಡಿದೆ. ಆಮೇಲೆ ತೂಬಿನ ಕಡೆಯ ತುದಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ಅಲ್ಲಿಂದಲೇ ಶುರುಮಾಡಿದೆ.