ಮೂರು ಬೆರಳು ಕಡಿಮೆ

ಅಜ್ಜನ ಸೈಕಲ್ ಯಾಕೆ ಮಾರಿದೆ ಎಂದು ಯುಗಾದಿಗೆ ಬಂದಾಗ ಮೊಮ್ಮಕ್ಕಳು ನೀವು ಕೇಳಿದಿರಿ. ನಾನು ಹಿಟ್ಟು ನಾದಲು ಒಳಗೆ ಹೋದೆ. ಎದುರು ನಿಂತು ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ತವರೂರು ಚಿಮ್ಮಡದ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರವಿದೆ. ಅದರಲ್ಲೇ ಬರೆದು ಹೇಳುತ್ತೇನೆ.

ಅದು ಅಂಗಡಿಯಲ್ಲಿ ಕೊಂಡ ಸೈಕಲ್ ಅಲ್ಲ. ಬನಹಟ್ಟಿಯ ಈ ಮನೆಗೆ ನಾನು ಮದುವೆಯಾಗಿ ಬಂದ ಎರಡನೆಯ ತಿಂಗಳು ನಿಮ್ಮ ಅಜ್ಜ ಪುಣೆಯ ಒಬ್ಬ ಕುಶಲಕರ್ಮಿಗೆ ಕಾಗದ ಬರೆದರು. ಆತ ಸವಾರನ ಮೈ ಅಳತೆಗೆ ಉಕ್ಕಿನ ಕೊಳವೆಗಳನ್ನು ಬೆಸೆದು ರೇಸಿನ ಸೈಕಲ್ ಮಾಡಿಕೊಡುತ್ತಿದ್ದ. ಮಗ್ಗದ ಕೆಲಸ ಮುಗಿದ ಮೇಲೆ ಜಮಖಂಡಿಗೆ, ರಜೆ ಸಿಕ್ಕರೆ ಮುಧೋಳ ದಾಟಿ ಲೋಕಾಪುರದವರೆಗೆ ಸೈಕಲ್ ಹೊಡೆಯುವುದು ಅವರ ಹುಚ್ಚು. ಅಳತೆ ಕಳಿಸಿ ಎಂದು ಪುಣೆಯಿಂದ ಉತ್ತರ ಬಂತು. ತೋಳು, ಎದೆ, ಕಾಲಿನ ಒಳಬದಿ.

ಮಗ್ಗದ ಕೋಣೆಯಲ್ಲಿ ಅವರು ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತರು. ಟೇಪು ನನ್ನ ಕೈಯಲ್ಲಿತ್ತು. ಬಾಗಿಲು ತೆರೆದೇ ಇತ್ತು, ಹೊರಗೆ ಅತ್ತೆ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದರು. ತೋಳಿನದು, ಎದೆಯದು ಆಯಿತು. ಕಾಲಿನದಕ್ಕೆ ಟೇಪಿನ ಒಂದು ತುದಿಯನ್ನು ನೆಲಕ್ಕೂ ಇನ್ನೊಂದನ್ನು ಎರಡು ಕಾಲು ಕೂಡುವ ಜಾಗಕ್ಕೂ ಒತ್ತಿ ಹಿಡಿಯಬೇಕಿತ್ತು. ನನ್ನ ಕೈ ಅಲ್ಲಿಗೆ ಹೋಗಲಿಲ್ಲ, ಕೆಳಗೇ ನಿಂತಿತು.

“ಸರಿ ಹಿಡದೀ ಏನ?”

“ಹೂಂರಿ.”

“ಮ್ಯಾಲಿನ ತನಕಾ?”

“ಹೂಂ ಅಂದೆನಲ್ಲರಿ! ಅತ್ತಿಯಾರು ನೋಡಾಕತ್ತಾರ. ಲಗೂ ಬರಕೋರಿ.”

ಅವರು ನಕ್ಕು ಬರೆದುಕೊಂಡರು.

ಸೈಕಲ್ ಬಂತು, ಎಳೆ ಜೋಳದ ಹಸಿರು ಬಣ್ಣದ್ದು. ಮೊದಲ ದಿನ ಜಮಖಂಡಿಗೆ ಹೋಗಿ ಬೆವರಿಳಿಸುತ್ತ ಬಂದರು. ಹೆಂಗೈತ್ರಿ ಎಂದು ಕೇಳಿದೆ. “ನನ್ನ ಸಲುವಾಗೇ ಹುಟ್ಟಿದಂಗ ಐತಿ ನೋಡ. ಅಳತಿ ತಗೊಂಡಾಕಿ ಕೈ ಛಲೋ ಐತಿ” ಎಂದರು. ಆ ಮಾತನ್ನು ನಾನು ಓಣಿಯ ಹೆಂಗಸರಿಗೆಲ್ಲ ಎಷ್ಟು ವರ್ಷ ಹೇಳಿಕೊಂಡು ತಿರುಗಿದೆನೋ.

ಸಂಜೆ ಅವರು ಬರುವ ಹೊತ್ತಿಗೆ ಮಾಳಿಗೆ ಮೇಲೆ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ನಿಲ್ಲುತ್ತಿದ್ದೆ. ರಸ್ತೆಯಲ್ಲಿ ಹತ್ತು ಸೈಕಲ್ ಬಂದರೂ ಅವರದು ದೂರದಿಂದಲೇ ತಿಳಿಯುತ್ತಿತ್ತು. ಉಳಿದವರಿಗಿಂತ ಅವರ ಬೆನ್ನು ಹೆಚ್ಚು ಬಾಗಿರುತ್ತಿತ್ತು, ಗೂನಿನಂತೆ ಉಬ್ಬಿರುತ್ತಿತ್ತು. ಆ ಬೆನ್ನಿಗೆ ಊಟದ ಮುಂಚೆ ಎಣ್ಣೆ ತಿಕ್ಕುವುದು ನನ್ನ ದಿನದ ಕೆಲಸ. ಸೈಕಲ್ ಹೊಡೆಯುವವರ ಬೆನ್ನು ನೋಯುವುದೇ ಸಹಜ ಎಂದುಕೊಂಡಿದ್ದೆ.

ಹೋದ ವರ್ಷ ಅವರು ಹೋದರು. ಸೈಕಲ್ ಗೋಡೆಗೆ ಒರಗಿಯೇ ಉಳಿಯಿತು. ಗುಜರಿಗೆ ಹಾಕು ಎಂದು ನಿಮ್ಮ ಅಪ್ಪ ಹೇಳಿದ. ನಾನು ಒಪ್ಪಲಿಲ್ಲ. ನನಗಿದ್ದದ್ದು ಒಂದೇ ಆಸೆ. ಅವರಷ್ಟೇ ಎತ್ತರದ ಯಾರಾದರೂ ಅದನ್ನು ಕೊಂಡು ನಮ್ಮ ರಸ್ತೆಯಲ್ಲಿ ಹೊಡೆಯಬೇಕು, ಆ ಬಾಗಿದ ಬೆನ್ನನ್ನು ಮಾಳಿಗೆಯಿಂದ ಇನ್ನೊಮ್ಮೆ ನೋಡಬೇಕು. ಇದನ್ನು ಯಾರ ಮುಂದೆ ಹೇಳುವುದು? ಜಮಖಂಡಿಯ ಸೈಕಲ್ ಮೇಸ್ತ್ರಿಗೆ ಅದು ಯಾರದೆಂದೂ ತಿಳಿಸದೆ, “ಎತ್ತರದವರಿಗೆ ಅಷ್ಟ ಕೊಡ್ರಿ” ಎಂದು ಮಾತ್ರ ಹೇಳಿದೆ.

ಆತ ಒಳ್ಳೆಯ ಕೆಲಸಗಾರ. ಉಕ್ಕು ಇನ್ನೂ ಗಟ್ಟಿಯಾಗಿದೆ, ಹೊಸ ಸಾಮಾನು ಹಾಕಿದರೆ ರೇಸಿನವರು ಬಂದು ಕೊಳ್ಳುತ್ತಾರೆ ಎಂದ. ಹೊಸ ಗಾಲಿ, ಹೊಸ ಚೈನು ಬಂದವು. ಕೆಳಗಿನ ಕೊಳವೆಯ ಮೇಲಿದ್ದ ಗೇರು ಬದಲಿಸುವ ಹಿಡಿ ಹ್ಯಾಂಡಲ್ಲಿನ ಬ್ರೇಕಿನ ಪಕ್ಕಕ್ಕೆ ಏರಿತು. ಬಣ್ಣ ಮಾತ್ರ ಮುಟ್ಟಬೇಡಿ ಎಂದೆ.

ಮೊದಲು ಬಂದವರು ಮುಧೋಳದ ಒಬ್ಬ ಎತ್ತರದ ಮಾಸ್ತರರು. ನಾನು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಒಂದು ಸುತ್ತು ಹೊಡೆದು ಬಂದು ಸೊಂಟ ಹಿಡಿದುಕೊಂಡೇ ಇಳಿದರು.

“ಏನ ಮೇಸ್ತ್ರಿ, ಒಂಟಿಗಿ ಕತ್ತೆ ಜೀನ ಹಾಕಿದಂಗ ಐತಲೋ! ಇಷ್ಟ ಬಗ್ಗಿದರ ಮೊಳಕಾಲ ಬಂದ ಗದ್ದಕ್ಕ ಬಡೀತಾವ.”

“ಸೀಟ ಏರಸ್ತೇನಿ ತಡೀರಿ” ಎಂದು ಮೇಸ್ತ್ರಿ ಬಗ್ಗಿದ. ಮೊದಲಿನ ಸೀಟಿನ ಕೊಳವೆಯನ್ನೇ, ಅದು ಇದ್ದ ಎತ್ತರಕ್ಕೇ, ಆತ ಉಳಿಸಿದ್ದ. ಅದನ್ನು ನೋಡಿ ಅಲ್ಲೇ ನಿಂತ. “ಏ, ಇದರ ಮಾಲಕಗೂ ಇದು ಸಣ್ಣದ ಆಗಿತ್ರಿ ಅವ್ವಾರ. ಇದಕ್ಕಿಂತ ಮ್ಯಾಲ ಎಳೀಬಾರದಂತ ಕೊಳವಿಗಿ ಗೆರಿ ಇರತೈತಿ. ಅಂವ ಗೆರಿ ದಾಟಿ ಮೂರ ಬೆರಳ ಎಳದಾನ! ಸೀಟ ಮುಗಿಲಿನ್ಯಾಗ, ಹ್ಯಾಂಡಲ್ ನೆಲದಾಗ. ಬೆನ್ನ ಏನಾಗಿರಬೇಕ್ರಿ? ಅಳತಿ ತಗೊಂಡಾವ ಯಾವ ಹುಚ್ಚ ಇದ್ದನೋ!”

ಮಾಸ್ತರರು ನಕ್ಕರು. ನನ್ನ ಕಡೆ ನೋಡಿದರು.

“ಯಾರೋ, ಗೊತ್ತಿಲ್ಲರಿ” ಎಂದೆ. ಈ ಸಲವೂ ನನ್ನ ಬಾಯಿಗೆ ಬಂದದ್ದು ಸುಳ್ಳೇ.

ನಿಮ್ಮ ಅಜ್ಜನಿಗೆ ಗೊತ್ತಿತ್ತು, ಮಕ್ಕಳೇ. ಗೆರೆ ದಾಟಿಸಿ ಕೊಳವೆ ಎಳೆದವರು ಅವರೇ ಅಲ್ಲವೇ? ಪುಣೆಗೆ ಇನ್ನೊಂದು ಕಾಗದ ಬರೆಯಬಹುದಿತ್ತು. ಬರೆದಿದ್ದರೆ ನಾನು ಹೂಂ ಅಂದದ್ದು ಸುಳ್ಳೆಂದು ಮನೆಯವರಿಗೆಲ್ಲ ತಿಳಿಯುತ್ತಿತ್ತು. ಅದರ ಬದಲು ಇಡೀ ಜೀವನ ಬೆನ್ನು ಬಾಗಿಸಿದರು. ಎಣ್ಣೆ ಹಚ್ಚುವಾಗ ಒಮ್ಮೆಯಾದರೂ ಬೈದಿದ್ದರೆ ಇವತ್ತು ನನಗೆ ಇಷ್ಟು ಭಾರವಾಗುತ್ತಿರಲಿಲ್ಲ. ನಾನು ದಿನವೂ ಮಾಳಿಗೆ ಹತ್ತಿ ಕಣ್ತುಂಬ ನೋಡುತ್ತಿದ್ದದ್ದು ಅವರ ನೋವನ್ನೇ.

ಎರಡು ವಾರದ ನಂತರ ಬೀಳಗಿ ಕಡೆಯ ಒಬ್ಬ ಹುಡುಗಿ ಬಂದಳು. ಜಮಖಂಡಿಯಲ್ಲಿದ್ದು ರೇಸಿಗೆ ತಯಾರಿ ನಡೆಸುವವಳು, ಗಿಡ್ಡ ಕಾಲಿನವಳು. “ಅವ್ವಾರ, ಎತ್ತರದವರಿಗೇ ಅಂದಿದ್ರಿ...” ಎಂದು ಮೇಸ್ತ್ರಿ ನನ್ನ ಮುಖ ನೋಡಿದ. “ಹತ್ತಲಿ ಬಿಡ್ರಿ” ಎಂದೆ. ಆತ ಹ್ಯಾಂಡಲ್ಲನ್ನು ಸ್ವಲ್ಪ ಈಚೆ ತಂದ. ಸೀಟಿನ ಕೊಳವೆಯನ್ನು ಒಳಗೆ ಇಳಿಸಿದ. ಗೆರೆ ಒಳಗೆ ಹೋಯಿತು, ಆ ಮೂರು ಬೆರಳೂ ಹೋದವು.

ಆಕೆ ಹೋಗಿ ತಿರುಗಿ ಬಂದಳು, ಮುಖವೆಲ್ಲ ನಗು. “ಅಜ್ಜೀ, ಯಾರ ಅಳತಿಗಿ ಮಾಡಿಸಿದ್ರಿ ಇದನ್ನ? ಕಾಲಿನ ಅಳತಿ ಥೇಟ ನಂದ ಐತಲ್ಲ!”

ಅವಳಿಗೇ ಕೊಟ್ಟೆ.

ಈಗ ಕೆಲವು ಮುಂಜಾವು ಆಕೆ ನಮ್ಮ ರಸ್ತೆಯಲ್ಲಿ ಹಾದುಹೋಗುತ್ತಾಳೆ. ದೂರದಲ್ಲಿ ಹಸಿರು ಕಂಡ ಕೂಡಲೇ ಮಾಳಿಗೆಯ ಅಂಚಿಗೆ ಬರುತ್ತೇನೆ. ಹತ್ತಿರ ಬಂದಂತೆ ಬೆನ್ನು ಬೇರೆ, ಹಗುರಾಗಿ ಬಾಗಿದ, ನೋವಿಲ್ಲದ ಬೆನ್ನು. ಅದನ್ನು ಕಂಡು ನಾನು ಸಂತೋಷಪಡಬೇಕು. ಇನ್ನೂ ಆಗಿಲ್ಲ.