ಎಮ್ಮೆ ಮೂಸಿ ನೋಡಿದ ಶಾಂಪೂ

ಎಮ್ಮೆಯ ತುಟಿಯಂಚಿನಲ್ಲಿ ನನ್ನ ತಲೆಗೂದಲು ಜೋತಾಡುತ್ತಿತ್ತು. ಒಂದೆರಡು ಎಳೆಯಲ್ಲ, ಕಿರುಬೆರಳು ದಪ್ಪದ ಸಿಕ್ಕು; ಹುಲ್ಲಿನ ಜೊತೆ ಅರ್ಧ ಅಗಿದಾಗಿತ್ತು. ನಾನು ಬಾಡಿಗೆಗಿರುವ ಮನೆಯ ಒಡತಿ ಕಾಶಿಬಾಯಿ ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಅದು ಬರುತ್ತಲೇ ಇತ್ತು. ಕೊನೆಗೆ ಜೊಲ್ಲಿನೊಂದಿಗೆ ಕಳಚಿಕೊಂಡದ್ದನ್ನು ನನ್ನ ಮುಂದೆ ಹಿಡಿದರು.

“ಇದು ನಿಮ್ದೇನ್ರಿ ಮೇಡಂ? ನಮ್ಮನ್ಯಾಗ ಇಷ್ಟುದ್ದ ಕೂದ್ಲ ಯಾರ್ವೂ ಇಲ್ರಿ.”

ಅರ್ಧ ಗಂಟೆ ಮುಂಚೆ ನಾನು ಕುಡಿದ ಚಹಾದ ಹಾಲು ಅದೇ ಎಮ್ಮೆಯದು.

ಮದ್ದೂರಿನ ಕಡೆಯಿಂದ ಸಂತಪುರಕ್ಕೆ ಬಂದು ನನಗಾಗ ಮೂರು ತಿಂಗಳು. ಬೀದರಿನಲ್ಲಿ ರೈಲಿಳಿದು ಔರಾದ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುವ ದೊಡ್ಡ ಹಳ್ಳಿ ಇದು. ಇಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಊಟ ಹೇಗೆ, ಭಾಷೆ ಹೇಗೆ ಎಂದು ನಮ್ಮೂರಿನವರಾದ ನೀವೆಲ್ಲ ಕೇಳುತ್ತೀರಿ. ಜೋಳದ ರೊಟ್ಟಿ ಒಂದು ತಿಂಗಳಲ್ಲಿ ಒಗ್ಗಿತು. ಮಾತಿಗೆಲ್ಲ ‘ರಿ’ ಹಚ್ಚುವುದು ಅದಕ್ಕೂ ಮುಂಚೆ ಬಂತು. ಒಗ್ಗದೆ ಉಳಿದದ್ದು ಸ್ನಾನ.

ನಮ್ಮಲ್ಲಿ ಬಚ್ಚಲ ನೀರು ತೂತಿನೊಳಗೆ ಇಳಿದರೆ ಮುಗಿಯಿತು. ಅದು ಎಲ್ಲಿಗೆ ಹೋಯಿತೆಂದು ನಾನು ಇಪ್ಪತ್ತಾರು ವರ್ಷ ಯೋಚಿಸಿರಲಿಲ್ಲ. ಇಲ್ಲಿ ಅಂಗಳದಲ್ಲಿ ಒಂದು ಹೌದಿ, ಅಂದರೆ ಸಿಮೆಂಟಿನ ನೀರಿನ ತೊಟ್ಟಿ. ಟ್ಯಾಂಕರ್ ಬಂದ ದಿನ ತುಂಬುತ್ತದೆ. ಸ್ನಾನಕ್ಕೆ ದಿನಕ್ಕೆ ತಲೆಗೊಂದು ಕೊಡ. ಆ ನೀರು ಬಚ್ಚಲಿನಿಂದ ಗೋಡೆಯಾಚೆ ಹರಿದು, ಹತ್ತು ಹೆಜ್ಜೆ ಅಗಲದ ಮೇವಿನ ಮಡಿಗೆ ಸೇರುತ್ತದೆ. ಆ ಓಣಿಯಲ್ಲಿ ಹಸಿರಾಗಿ ಉಳಿದಿದ್ದು ಅದೊಂದೇ.

ಎರಡು ವರ್ಷದಿಂದ ಮಳೆಯಿರಲಿಲ್ಲ. ಓಣಿಯ ಅರ್ಧ ಬಾಗಿಲುಗಳಿಗೆ ಬೀಗ. ಜನ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋಗಿದ್ದರು. ಕಾಶಿಬಾಯಿಯ ಗಂಡನೂ ಹೋಗಿದ್ದರು. ಕಾಶಿಬಾಯಿ ಮತ್ತು ಹತ್ತನೆಯ ತರಗತಿಯ ಮಗಳು ಸುಜಾತಾ ಇಲ್ಲಿ ಉಳಿದದ್ದು ಎಮ್ಮೆಯ ದೆಸೆಯಿಂದ. ಅದರ ಹಾಲು ಬಸ್ ನಿಲ್ದಾಣದ ಚಹಾದಂಗಡಿಗೆ ಹೋಗುತ್ತಿತ್ತು. ಹಾಲು ನಿಂತರೆ ಅವರೂ ಹೊರಡಬೇಕು. ಪರೀಕ್ಷೆಗೆ ಎರಡು ತಿಂಗಳಿತ್ತು.

ಆ ಬೆಳಿಗ್ಗೆ ಮೊದಲ ಬಾರಿಗೆ ಗೋಡೆಯಾಚೆ ಹೋಗಿ ನಿಂತೆ. ನೀರು ಬೀಳುವ ಮೂಲೆಯಲ್ಲಿ ಹುಲ್ಲು ಹಳದಿಯಾಗಿತ್ತು. ಮಣ್ಣಿನ ಮೇಲೆ ಬೂದು ಬಣ್ಣದ ಜಿಡ್ಡಿನ ಪೊರೆ, ಅದರ ಮೇಲೆ ನೊಣ. ಹುಲ್ಲಿನ ಬುಡಕ್ಕೆ ನೀಲಿ ಕಾಳುಗಳು ಅಂಟಿಕೊಂಡಿದ್ದವು, ಸಾಸಿವೆಗಿಂತ ಸಣ್ಣವು. ಯಾವುದೋ ಹುಳದ ಮೊಟ್ಟೆಯೆಂದುಕೊಂಡು ಬಗ್ಗಿ ನೋಡಿದೆ. ಮುಖ ಉಜ್ಜಲು ನಾನು ಹಚ್ಚುತ್ತಿದ್ದ ಕ್ರೀಮಿನ ಪ್ಲಾಸ್ಟಿಕ್ ಹರಳುಗಳು. ಕೊಳೆತ ನೀರಿನ ವಾಸನೆಯ ನಡುವೆ ನನ್ನ ಶಾಂಪೂವಿನ ಗುಲಾಬಿ ಪರಿಮಳ ಇನ್ನೂ ಉಳಿದಿತ್ತು. ಅದೇ ಎಲ್ಲಕ್ಕಿಂತ ಹೇಸಿಗೆ ಎನಿಸಿತು.

ಸಾಬೂನಿನ ಅಣು ಒಂದು ತುದಿಯಲ್ಲಿ ಜಿಡ್ಡನ್ನೂ ಇನ್ನೊಂದು ತುದಿಯಲ್ಲಿ ನೀರನ್ನೂ ಹಿಡಿಯುವ ಚಿತ್ರವನ್ನು ಆ ವಾರವೇ ಹಲಗೆಯ ಮೇಲೆ ಬರೆದಿದ್ದೆ. ಹಿಡಿದುಕೊಂಡು ಎಲ್ಲಿಗೆ ಹೋಗುತ್ತದೆ ಎಂದು ಬರೆದಿರಲಿಲ್ಲ.

ಕಾಶಿಬಾಯಿಯವರಿಗೆ ಕೂದಲು ಮಾತ್ರ ಕಂಡಿತ್ತು. ಬಚ್ಚಲ ತೂತಿಗೆ ಜಾಲರಿ ಇಡುತ್ತೇನೆ ಎಂದೆ, ಉಳಿದದ್ದನ್ನು ಹೇಳಲಿಲ್ಲ. ಸದ್ದಿಲ್ಲದೆ ಬದಲಾಗಿಬಿಡಬಹುದೆಂದು ಬೀದರಿಗೆ ಹೋಗಿ ಹಸಿರು ಎಲೆಯ ಚಿತ್ರವಿರುವ ಶಾಂಪೂ ತಂದೆ. ‘ಪ್ರಕೃತಿಯ ಮಡಿಲಿಂದ’ ಎಂದು ಬರೆದಿತ್ತು. ಪ್ಲಾಸ್ಟಿಕ್ ಹಾಳೆಯೊಳಗೆ ಡಬ್ಬ, ಡಬ್ಬದೊಳಗೆ ಪ್ಲಾಸ್ಟಿಕ್ ಬಾಟಲಿ. ಹಿಂಬದಿಯ ಸಣ್ಣಕ್ಷರ ಓದಿದೆ. ಹಳೆಯ ಬಾಟಲಿಯಲ್ಲಿದ್ದ ಹೆಸರುಗಳೇ, ಕೊನೆಯಲ್ಲಿ ಚಿಟಿಕೆ ಬೇವು. ಓದಿಯೂ ಎರಡು ವಾರ ಬಳಸಿದೆ. ನೊರೆ ಬರುತ್ತಿತ್ತು, ಮನಸ್ಸಿಗೆ ಸಮಾಧಾನವಾಗುತ್ತಿತ್ತು.

ಅಷ್ಟರಲ್ಲಿ ಹಳದಿ ಮಡಿಯ ಅರ್ಧಕ್ಕೆ ಹಬ್ಬಿತು. ಒಂದು ಸಂಜೆ ಕಾಶಿಬಾಯಿ ಫೋನಿನಲ್ಲಿ ಗಂಡನಿಗೆ ಹೇಳುವುದು ಕೇಳಿಸಿತು: “ಮೇವ ಒಣಗ್ಲತ್ತದ. ಎಮ್ಮಿ ಹಾಲ ಕಮ್ಮಿ ಮಾಡ್ಯಾದ. ಪೋರಿದು ಪರೀಕ್ಷಾ ಒಂದ್ ಮುಗೀಲಿ ಅಂತೇನಿ ನಾ, ಎಮ್ಮಿ ಕೇಳ್ಬೇಕಲ್ಲ?”

ಮಾರನೆಯ ದಿನ ನನ್ನ ಬಾಟಲಿಗಳನ್ನೆಲ್ಲ ತಂದು ಅಂಗಳದಲ್ಲಿಟ್ಟೆ. ಮೈ ತೊಳೆಯುವುದು, ತಲೆ ತೊಳೆಯುವುದು, ತೊಳೆದ ತಲೆಗೆ ಮತ್ತೆ ಹಚ್ಚುವುದು, ಹೀಗೆ ಟೂತ್‌ಪೇಸ್ಟೂ ಸೇರಿ ಆರು. ಮಡಿ ಒಣಗುತ್ತಿರುವುದು ಇವುಗಳಿಂದ ಎಂದೆ. ಕಾಶಿಬಾಯಿ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

“ಕೆಮಿಸ್ಟ್ರಿ ಕಲಸೋರು ನೀವೇ ಅಲ್ಲೇನ್ರಿ?” ಎಂದರು.

“ಹೌದು.”

“ಇಷ್ಟ್ ದಿನಾ ಯಾಕ ಹೇಳ್ಲಿಲ್ಲ?”

“ನಾಚಿಕೆಯಾಯಿತು.”

“ನಿಮ್ಮ ನಾಚ್ಕಿ ನನ್ನ ಎಮ್ಮಿ ತಿಂತು ನೋಡ್ರಿ,” ಎಂದವರೇ ಎದ್ದು, ಮೊದಲ ಬಾಟಲಿಯ ಮುಚ್ಚಳ ತೆಗೆದು ಬೆರಳಿಗೆ ಸವರಿಕೊಂಡು ಎಮ್ಮೆಯ ಮೂಗಿನ ಬಳಿ ಹಿಡಿದರು. “ನಮ್ಮತ್ತಿ ಹೇಳ್ತಿದ್ಳು, ಎಮ್ಮಿ ಮೂಗ ತಿರುವಿದ್ದು ಮೈಗಿ ಹಚ್ಚಬ್ಯಾಡ ಅಂತ. ಬಚ್ಚಲ ನೀರ ಮೇವಿಗೆ ಬಿಡೋ ಮನಿ ಇದು.”

ಎಮ್ಮೆ ಬುಸುಗುಟ್ಟಿ ಹಿಂದೆ ಸರಿಯಿತು. ಎರಡನೆಯದಕ್ಕೆ ತಲೆ ಕೊಡವಿತು. ಹಸಿರು ಎಲೆಯ ಬಾಟಲಿಗೆ ಸೀನಿತು. ಸಿಂಬಳ ನನ್ನ ಸೀರೆಗೆ ಸಿಡಿಯಿತು. ಟೂತ್‌ಪೇಸ್ಟನ್ನು ಒಮ್ಮೆ ನೆಕ್ಕಿ, ಮೇಲ್ದುಟಿ ಮಡಚಿಕೊಂಡು ಬಹಳ ಹೊತ್ತು ಆಕಾಶ ನೋಡಿತು.

“ಮೇಡಂ, ನಿಮ್ಮ ಬಾಟ್ಲಿ ಎಲ್ಲಾ ಫೇಲ್ ಆದ್ವುರಿ,” ಎಂದಳು ಸುಜಾತಾ. “ಒಂದಕ್ಕೂ ಗ್ರೇಸ್ ಮಾರ್ಕ್ಸ್ ಇಲ್ಲ.”

ಕಾಶಿಬಾಯಿ ಒಳಗಿನಿಂದ ಒಂದು ಹಿಡಿ ಹೆಸರುಕಾಳಿನ ಹಿಟ್ಟು ತಂದರು. ಎಮ್ಮೆ ಅಂಗೈಯನ್ನು ನುಣ್ಣಗೆ ನೆಕ್ಕಿತು. “ನಾಳಿಂದ ಇದು. ತಲಿಗೂ ಇದೇ, ಮೈಗೂ ಇದೇ.”

ಈ ಬದಲಾವಣೆ ಹಿತವಾಗಿತ್ತೆಂದು ಬರೆದರೆ ಸುಳ್ಳು. ಹಸಿ ಹಿಟ್ಟಿನ ವಾಸನೆ ಗಂಟಲಿಗೆ ಬರುತ್ತದೆ. ಒಂದೇ ಕೊಡದಲ್ಲಿ ಅದು ಕೂದಲಿನಿಂದ ಪೂರ್ತಿ ಹೋಗುವುದಿಲ್ಲ. ಮೊದಲ ವಾರ ಪಾಠ ಮಾಡುವಾಗ ಹೆಗಲ ಮೇಲೆ ಒಣ ಹಿಟ್ಟು ಉದುರುತ್ತಿತ್ತು. ಎಣ್ಣೆಯ ಜಿಡ್ಡು, ಹಿಟ್ಟು, ಬೆವರು ಸೇರಿ ಕಿವಿಯ ಹಿಂದೆ ಹುಳಿ ವಾಸನೆ. ಟೂತ್‌ಪೇಸ್ಟ್ ಬಿಡಲಾಗಲಿಲ್ಲ, ಹಳೆಯ ಡಬ್ಬಿಯಲ್ಲಿ ಉಗಿದು ದೂರದ ಕಲ್ಲುಗುಂಡಿಗೆ ಚೆಲ್ಲಿ ಬರುತ್ತಿದ್ದೆ. ಆ ಡಬ್ಬಿ ಹಿಡಿದು ನಡೆಯುವಾಗ ನನ್ನ ಬಗ್ಗೆ ನನಗೇ ಅಸಹ್ಯ. ಮೂರನೆಯ ವಾರ ನೆತ್ತಿ ತುರಿಸುವುದು ನಿಂತಿತು. ಗೆಲುವೆಂದರೆ ಅಷ್ಟೇ.

ನಡುವೆ ನಾಲ್ಕು ದಿನ ರಜೆಗೆ ಊರಿಗೆ ಹೋಗಿದ್ದೆ. ಅಮ್ಮ ಹಂಡೆ ತುಂಬ ಬಿಸಿನೀರು ಕಾಯಿಸಿ, ತಂಗಿಯ ಶಾಂಪೂ ಕೈಗಿಟ್ಟಳು. ಹಚ್ಚಿಕೊಂಡೆ, ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಆಮೇಲೆ ಒದ್ದೆ ತಲೆಯಲ್ಲೇ ಹಿತ್ತಲಿಗೆ ಹೋಗಿ ನೀರು ಹರಿದತ್ತ ಹಿಂದೆ ಹಿಂದೆ ನಡೆದೆ. ಚರಂಡಿ ದಾಟಿ, ಬಾಳೆಗಿಡ ದಾಟಿ, ನೊರೆ ನಾಲೆಗೆ ಬೀಳುತ್ತಿತ್ತು. ನಾಲ್ಕು ಮಾರು ಕೆಳಗೆ ಹೆಂಗಸೊಬ್ಬರು ಸೊಪ್ಪು ತೊಳೆಯುತ್ತಿದ್ದರು.

“ಏನಕ್ಕ, ಮೋರೀಲಿ ಚಿನ್ನ ಬಿದ್ದೋಯ್ತಾ?” ಎಂದು ತಂಗಿ ನಕ್ಕಳು. ಅಮ್ಮ ನಗಲಿಲ್ಲ. “ಕೂದ್ಲು ನಾರಾಗೋಗದೆ ಕಣವ್ವ. ಈ ಸಲ ವರ್ಗಾವಣೆಗೆ ಅರ್ಜಿ ಹಾಕು,” ಎಂದಳು. ಆ ರಾತ್ರಿಯ ಊಟದಲ್ಲಿ ಸೊಪ್ಪಿನ ಸಾರು ಮುಟ್ಟಲಾಗಲಿಲ್ಲ. ಅರ್ಜಿಯ ಹಾಳೆ ತಂದೆ. ಅದು ಈಗಲೂ ಬ್ಯಾಗಿನಲ್ಲಿದೆ. ತುಂಬಿಯೂ ಇಲ್ಲ, ಹರಿದೂ ಇಲ್ಲ.

ಸಂತಪುರಕ್ಕೆ ಮರಳಿದ ಸಂಜೆ ತಾಯಿ ಮಗಳು ಮಡಿಯ ಜಿಡ್ಡುಗಟ್ಟಿದ ಮಣ್ಣನ್ನು ಕೆರೆದು ಬುಟ್ಟಿಗೆ ತುಂಬುತ್ತಿದ್ದರು. ನಾನೂ ಕೈ ಹಾಕಿದೆ. ಮಣ್ಣು ಜಾರುತ್ತಿತ್ತು, ಉಗುರಿನೊಳಗೆ ಸೇರಿ ನಾರುತ್ತಿತ್ತು. ಉಳಿದರ್ಧ ಮಡಿಯ ಹುಲ್ಲು ತಿಂದು ಎಮ್ಮೆ ಹೇಗೋ ಹಾಲು ಕೊಡುತ್ತಿತ್ತು. ಕೆರೆದ ಜಾಗಕ್ಕೆ ಜೋಳ ಚೆಲ್ಲಿದೆವು.

“ಎಂಟ್ ದಿನ ಬರಾಬರ ನೀರ ಬಿದ್ರ ಚಿಗುರ್ತದ,” ಎಂದರು ಕಾಶಿಬಾಯಿ. “ಹಿಟ್ಟಿನ ನೀರೂ ಬ್ಯಾಡ ಈಗ, ಸ್ವಚ್ಛ ನೀರ ಬೇಕು. ಚಿಗುರಿದ್ರ ಇಕಿ ಪರೀಕ್ಷಾ ತನಕ ತಳ್ಳಬಹುದು. ಹೌದ್ಯಾಗ ನೋಡಿದ್ರ ತಳಾ ಕಾಣ್ಲತ್ತದ.” ಯಾರನ್ನೂ ಏನನ್ನೂ ಕೇಳಲಿಲ್ಲ ಅವರು.

ಮರುದಿನ ಬೆಳಿಗ್ಗೆ ನನ್ನ ಪಾಲಿನ ಕೊಡವನ್ನು ಹೊತ್ತು ಬಚ್ಚಲಿಗೆ ಹೋಗದೆ ಗೋಡೆಯಾಚೆ ಹೋದೆ. ಬೊಗಸೆ ಬೊಗಸೆಯಾಗಿ, ಬೀಜ ಕೊಚ್ಚಿಹೋಗದ ಹಾಗೆ, ಕೊಡ ಬರಿದಾಗುವವರೆಗೆ ಚಿಮುಕಿಸಿದೆ. ಎರಡು ದಿನದ ರೈಲು, ಬಸ್ಸಿನ ಬೆವರು ಮೈಮೇಲೆ ಹಾಗೇ ಇತ್ತು.

ಹಾಲು ಕರೆಯುತ್ತಿದ್ದ ಕಾಶಿಬಾಯಿ ತಲೆಯೆತ್ತಿದರು. “ಕಾಲೇಜಿಗಿ ಹ್ಯಾಂಗ ಹೋಗ್ತೀರಿ ಮತ್ತ?”

“ಹಿಂಗೇ ಹೋಗ್ತೇನ್ರಿ,” ಎಂದೆ.

ಸೀರೆ ಬದಲಿಸಿ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಕೊಂಡು, ಹಾಗೆಯೇ ಹೋದೆ.