ಊರಿಗಾಂನ ಕಬ್ಬಿಣದ ಕಂಬ

ಕರೆಂಟ್ ಕಂಬ ಹತ್ತುವ ಪವರ್‌ಮ್ಯಾನ್ ಕೆಲಸಕ್ಕೆ ನಾನು ಆಯ್ಕೆಯಾದಾಗ, ಕಾಮಸಮುದ್ರದ ಬಳಿಯ ನಮ್ಮ ಹಳ್ಳಿಯಲ್ಲಿ ಖುಷಿಪಡದೆ ಉಳಿದವನು ನಾನೊಬ್ಬನೇ. ಚಿಕ್ಕವನಿದ್ದಾಗ ಪಕ್ಕದ ಹೊಲದಲ್ಲಿ ತುಂಡಾಗಿ ಬಿದ್ದಿದ್ದ ಕರೆಂಟ್ ತಂತಿ ತುಳಿದು ಎಮ್ಮೆಯೊಂದು ಸತ್ತದ್ದನ್ನು ಕಣ್ಣಾರೆ ಕಂಡಿದ್ದೆ. ಅದು ಕೂಗಲಿಲ್ಲ. ನಿಂತಲ್ಲೇ ನಡುಗಿ, ಕಾಲು ಮಡಚಿ ಕುಸಿಯಿತು. ಬಾಯಲ್ಲಿದ್ದ ಹುಲ್ಲು ಬಾಯಲ್ಲೇ ಇತ್ತು. ಆಮೇಲೆ ಒಣಗಿದ ಕೈಯಲ್ಲಿ ಸ್ವಿಚ್ ಒತ್ತುವಾಗಲೂ ನನ್ನ ಉಸಿರು ಒಂದು ಗಳಿಗೆ ನಿಲ್ಲುತ್ತಿತ್ತು. ಗೆಳೆಯರು ಅರ್ಜಿ ಹಾಕಿದರೆಂದು ನಾನೂ ಹಾಕಿದ್ದೆ. ಹತ್ತನೇ ತರಗತಿಯ ಅಂಕಗಳು ಚೆನ್ನಾಗಿದ್ದವು, ಕರೆ ಬಂತು. ಸರ್ಕಾರಿ ಕೆಲಸ ಬೇಡ ಎನ್ನಲು ಬಾಯಿ ಬರಲಿಲ್ಲ.

ಅಮ್ಮನಿಗೆ ಮಾತ್ರ ಗೊತ್ತಾಗಿತ್ತು. ಹಾಲು ಕರೆಯುತ್ತಾ, ತಲೆ ಎತ್ತದೆ ಹೇಳಿದಳು: “ಎದ್ರಿಕೆ ಆದ್ರೆ ಬಿಟ್ಟು ಬಂದ್ಬಿಡು ಕಣ್ಲಾ. ಅಸಗಳವೆ, ಎಂಗೋ ಬದುಕ್ಕೊಂತೀವಿ.”

ಬಂಗಾರಪೇಟೆಯಲ್ಲಿ ನಮಗೆ ಕಂಬ ಹತ್ತುವುದನ್ನು ಕಲಿಸಿದರು. ಬಯಲಿನಲ್ಲಿ ತಂತಿಯೇ ಇಲ್ಲದ ಕಂಬಗಳು. ಜಂಕ್ಷನ್‌ನಿಂದ ರೈಲು ಹೊರಟಾಗಲೆಲ್ಲ ಕಂಬ ನಡುಗಿದಂತಾಗಿ ನಾನು ಅದನ್ನು ತಬ್ಬಿಕೊಳ್ಳುತ್ತಿದ್ದೆ. ಕಂಬ ಅಲ್ಲಾಡುತ್ತಿಲ್ಲ ಎಂದು ಕೆಳಗಿನವರು ನಗುತ್ತಿದ್ದರು. ದಿನ ಕಳೆದಂತೆ ಎತ್ತರ ಅಭ್ಯಾಸವಾಯಿತು. ಕರೆಂಟಿನ ಭಯ ಹಾಗೆಯೇ ಉಳಿಯಿತು. ಅದನ್ನು ತಂತಿಯಿಲ್ಲದ ಕಂಬದ ಮೇಲೆ ಕಳೆದುಕೊಳ್ಳುವುದಾದರೂ ಹೇಗೆ?

ಆಮೇಲೆ ನನ್ನನ್ನು ಕೆ.ಜಿ.ಎಫ್.ನಲ್ಲಿ ಒಬ್ಬ ಹಿರಿಯ ಲೈನ್‌ಮನ್ ಕೈಕೆಳಗೆ ಹಾಕಿದರು. ಅಲ್ಲಿನ ಗಣಿ ಬಡಾವಣೆ ಊರಿಗಾಂನಲ್ಲೇ ಹುಟ್ಟಿ ಬೆಳೆದವರು, ಮನೆಮಾತು ತಮಿಳು, ನಿವೃತ್ತಿ ಹತ್ತಿರವಿತ್ತು. ನನ್ನನ್ನು ತಂಬಿ ಎನ್ನುತ್ತಿದ್ದರು. ನಾನು ಅಣ್ಣ ಎನ್ನುತ್ತಿದ್ದೆ.

ಬೇಸಿಗೆಯ ಒಂದು ದಿನ ಬಿರುಗಾಳಿ ಬೀಸಿ, ಊರಿಗಾಂನ ಗಣಿ ಕಾರ್ಮಿಕರ ಹಳೆಯ ಸಾಲುಮನೆಗಳ ನಡುವೆ ಮರದ ಕೊಂಬೆ ಬಿದ್ದು ತಂತಿ ತುಂಡಾಗಿತ್ತು. ಅಣ್ಣ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಿ ಫ್ಯೂಸುಗಳನ್ನು ಕಿತ್ತು ತಂದು, ತಮ್ಮ ಚೀಲದೊಳಗೆ ಹಾಕಿಕೊಂಡರು.

“ಇವತ್ತು ನೀನು ಹತ್ತು ತಂಬಿ,” ಎಂದರು.

ಹಳೆಯ ಕಬ್ಬಿಣದ ಕಂಬ. ಏಣಿ ಆನಿಸಿ ಹತ್ತಿ, ಬೆಲ್ಟ್ ಬಿಗಿದುಕೊಂಡೆ. ತಂತಿಗೆ ಕೈ ಹಾಕುವ ಮೊದಲು ಅರ್ಥಿಂಗ್ ಕೋಲು ಸಿಕ್ಕಿಸಬೇಕು. ಅದರ ತುದಿಯಲ್ಲಿ ಕೊಕ್ಕೆ ಇರುತ್ತದೆ, ಕೊಕ್ಕೆಯಿಂದ ಇಳಿದ ತಾಮ್ರದ ತಂತಿಯನ್ನು ನೆಲಕ್ಕೆ ಕಟ್ಟಿರುತ್ತೇವೆ. ತಪ್ಪಿ ಎಲ್ಲಿಂದಲಾದರೂ ಕರೆಂಟ್ ಬಂದರೆ ಅದು ನೆಲಕ್ಕೆ ಹೋಗಲಿ ಎಂದು. ಫ್ಯೂಸ್ ಕಿತ್ತಾಗಿದೆಯಲ್ಲ, ಇದು ಬರಿಯ ಶಾಸ್ತ್ರ ಎಂದುಕೊಂಡು ಕೋಲು ಚಾಚಿದೆ.

ಚಟ್ ಎಂದಿತು. ಕೊಕ್ಕೆಯ ತುದಿಯಲ್ಲಿ ನೀಲಿ ಕಿಡಿ ಹಾರಿತು.

ಕೋಲು ಎಳೆದುಕೊಂಡೆನೋ ಬಿಟ್ಟೆನೋ ನೆನಪಿಲ್ಲ. ಕೆನ್ನೆಯನ್ನು ಕಂಬಕ್ಕೆ ಒತ್ತಿ ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದೆ. ತಲೆಯ ಮೇಲೆ ಒಂದು ಮೊಳ ದೂರದಲ್ಲಿ ಆ ತಂತಿ. ಸುಟ್ಟ ವಾಸನೆ. 

“ಏನೂ ಮುಟ್ಬೇಡ,” ಕೆಳಗಿನಿಂದ ಅಣ್ಣನ ದನಿ, ಏರಿರಲಿಲ್ಲ. “ಕಂಬ ಹಿಡ್ಕೊಂಡು ಅಲ್ಲೇ ಇರು. ಉಸಿರು ಬಿಡು.”

ಅವರು ಕಿವಿಗೊಟ್ಟು ನಿಂತರು. ಆಗ ನನಗೂ ಕೇಳಿಸಿತು. ಸಾಲಿನ ಕೊನೆಯ ಮನೆಯಿಂದ ಜನರೇಟರ್ ಸದ್ದು. ಆ ಮನೆಯಲ್ಲಿ ಮಗಳ ಸೀಮಂತ. ಕರೆಂಟ್ ಹೋಯಿತೆಂದು ಬಾಡಿಗೆಗೆ ತಂದ ಜನರೇಟರಿನ ವೈರನ್ನು ಮೇಯ್ನ್ ಸ್ವಿಚ್ ಆಫ್ ಮಾಡದೆ ಮನೆಯ ಪ್ಲಗ್ಗಿಗೇ ಚುಚ್ಚಿದ್ದರು. ಆ ಕರೆಂಟ್ ಮನೆಯಿಂದ ಹಿಂದಕ್ಕೆ ಹರಿದು ನನ್ನ ತಂತಿಗೆ ಬಂದಿತ್ತು.

ಅಣ್ಣ ಕೂಗಿ ಕರೆದದ್ದಕ್ಕೆ ಮನೆಯ ಯಜಮಾನ ಹೊಸ ಪಂಚೆಯಲ್ಲೇ ಓಡಿ ಬಂದರು. “ಗೊತ್ತಾಗ್ಲಿಲ್ಲ ಸಾರ್. ಫ್ಯಾನ್ ಓಡ್ಲಿ ಅಂತ...”

ಅಣ್ಣ ಬೈಯಲಿಲ್ಲ. “ಮೇಲೆ ನೋಡು,” ಎಂದರು.

ಆತ ತಲೆ ಎತ್ತಿ ನನ್ನನ್ನು ನೋಡಿದರು. ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. ತಿರುಗಿ ಮನೆಯತ್ತ ಓಡಿದರು.

ಜನರೇಟರ್ ನಿಂತಿತು. ಅದರ ವೈರನ್ನು ಅಣ್ಣ ತಾವೇ ಹೋಗಿ ಕಿತ್ತು ಬಂದರು. ಅವರು ಹೇಳಿದಂತೆ ಮತ್ತೆ ಕೋಲು ಸಿಕ್ಕಿಸಿದೆ. ಕಿಡಿ ಬರಲಿಲ್ಲ. ಇನ್ನು ಕೆಲಸ ಶುರುಮಾಡಬಹುದಿತ್ತು. ಆದರೆ ಕೋಲು ಸಿಕ್ಕಿಸಿದ ಕೈ ಮತ್ತೆ ಕಂಬ ತಬ್ಬಿತು, ಬಿಟ್ಟು ಬರಲೊಲ್ಲದು. ಇಳಿಯಲೂ ಆಗದು. ಕಣ್ಣ ಮುಂದೆ ಆ ಎಮ್ಮೆಯ ಬಾಯಿ.

ಅಣ್ಣ ಇನ್ನೊಂದು ಏಣಿ ತರಿಸಿ, ಕಂಬದ ಆಚೆ ಬದಿಯಿಂದ ಹತ್ತಿ ನನ್ನ ಮುಖಕ್ಕೆ ಮುಖ ಕೊಟ್ಟು ನಿಂತರು. ಗ್ಲೌಸು ತೆಗೆದರು. ಕರೆಂಟಿದ್ದರೆ ಕೈ ತಂತಿಯನ್ನು ಕಚ್ಚಿಕೊಳ್ಳದಿರಲಿ ಎಂದು ಮೊದಲು ಬೆರಳುಗಳ ಹಿಂಬದಿಯನ್ನು ತಂತಿಗೆ ತಾಗಿಸಿದರು. ಆಮೇಲೆ ಅದನ್ನು ಮುಷ್ಟಿಯಲ್ಲಿ ಹಿಡಿದರು.

“ಈಗ ನೀನು.”

ಅವರ ಮುಷ್ಟಿಯೂ ಸಣ್ಣಗೆ ನಡುಗುತ್ತಿತ್ತು. ಅದನ್ನು ಕಂಡಮೇಲೆ ಅದು ಹೇಗೋ ನನ್ನ ಕೈ ಮೇಲೆದ್ದಿತು. ಅವರ ಕೈಯ ಪಕ್ಕದಲ್ಲೇ ಹಿಡಿದೆ. ತಂತಿ ಬಿಸಿಲಿಗೆ ಕಾದಿತ್ತು, ಅಷ್ಟೇ.

ಕೆಲಸ ಮುಗಿಸಿ ಇಳಿದಾಗ ಆ ಮನೆಯವರು ಎಲೆಯಲ್ಲಿ ಚಿತ್ರಾನ್ನ ತಂದುಕೊಟ್ಟರು. ಅಣ್ಣ ತಿಂದರು. ನಾನು ನನ್ನ ಎಲೆಯನ್ನು ಪಕ್ಕಕ್ಕಿಟ್ಟೆ.

“ನಿಮಗೂ ಭಯ ಆಯ್ತಾ ಅಣ್ಣ?” ಎಂದೆ.

“ಆಯ್ತು. ನಿನಗೆ ಏನಾದ್ರೂ ಆಗಿದ್ರೆ ನಿಮ್ಮಮ್ಮನ ಮುಂದೆ ಹೋಗಿ ನಿಲ್ಬೇಕಾಗಿದ್ದವನು ನಾನು,” ಎಂದು ಎಲೆ ಮಡಚಿದರು.

ಸಂಜೆ ಬಸ್ಸಿನಲ್ಲಿ ಊರಿಗೆ ಬಂದೆ. “ಯಾಕ್ಲಾ, ಮೊಕ ಇಂಗೈತೆ?” ಎಂದಳು ಅಮ್ಮ. ಬಿಸಿಲು ಎಂದೆ.

ಬೆಳಿಗ್ಗೆ, ಇನ್ನು ಹೋಗುವುದಿಲ್ಲವೆಂದು ತೀರ್ಮಾನಿಸಿಕೊಂಡು ಜಗಲಿಯ ಮೇಲೆ ಕೂತಿದ್ದಾಗ ಫೋನ್ ಬಂತು.

“ಬತ್ತೀಯಾ ತಂಬಿ? ಬರ್ದಿದ್ರೂ ಪರ್ವಾಗಿಲ್ಲ, ಹೇಳ್ಬಿಡು. ಮತ್ತೆ ಕೊಂಬೆ ಬಿದ್ದದೆ. ಬೇರೆಯವ್ರು ರಜ. ನಾನೇ ಹತ್ತಿ ನೋಡ್ತೀನಿ.”

ಅವರು ಹತ್ತಿದರೆ ಕೆಳಗೆ ಯಾರಿರುತ್ತಾರೆ? ಮೇಲೆ ಕಿಡಿ ಹಾರಿದರೆ ‘ಏನೂ ಮುಟ್ಬೇಡಿ’ ಎನ್ನಲು ಯಾರಿರುತ್ತಾರೆ? ಧೈರ್ಯ ಬಂದಿತೆಂದು ಹೋದದ್ದಲ್ಲ. ಅವರನ್ನು ಕಂಬದ ಮೇಲೆ ಒಂಟಿಯಾಗಿ ನೆನೆಸಿಕೊಳ್ಳಲಾಗದೆ ಬಸ್ಸು ಹತ್ತಿದೆ.

ತರಬೇತಿ ಮುಗಿಯಿತು. ಈಗ ಬಂಗಾರಪೇಟೆ ಕಡೆಯ ಹಳ್ಳಿಗಳು ನನ್ನ ಪಾಲಿಗಿವೆ. ಗಾಳಿ ಬೀಸಿದ ಕೂಡಲೇ ಕರೆಂಟ್ ಯಾವಾಗ ಬರುತ್ತದೆ ಎಂದು ಜನ ಫೋನ್ ಮೇಲೆ ಫೋನ್ ಮಾಡುತ್ತಾರೆ. “ಇನ್ನೇನ್ ಬತ್ತದೆ ಇರಿ,” ಎನ್ನುತ್ತೇನೆ. ಫೋನ್ ಹಿಡಿದ ಕೈ ಬೆವತಿರುತ್ತದೆ. ಪ್ಯಾಂಟಿಗೆ ಒರೆಸಿಕೊಂಡು ಹತ್ತುತ್ತೇನೆ.